ಕವಲಿನಲ್ಲಿ ಮಾತ್ರ ನಕಲು

ಮುಂಬೈ ಕಚೇರಿಯಿಂದ 40 ಶಾಖೆಗಳಿಗೆ 2 ಎಂಬಿಪಿಎಸ್‌ನ ನೇರಪ್ರಸಾರ ಕಳಿಸಬೇಕಿತ್ತು. ಒಂದೊಂದಕ್ಕೂ ಬೇರೆ ಪ್ರತಿ ಎಂದರೆ 80 ಎಂಬಿಪಿಎಸ್. ಮಲ್ಟಿಕಾಸ್ಟ್‌ನಲ್ಲಿ ಹೊರಡುವುದು ಒಂದೇ ಪ್ರತಿ. ದಾರಿ ಕವಲೊಡೆಯುವಲ್ಲಿ ರೂಟರ್‌ಗಳೇ ನಕಲು ಮಾಡುತ್ತವೆ.

ಆತುರದಲ್ಲಿ ನಾನು ಡೆನ್ಸ್ ಮೋಡ್ ಹಾಕಿಬಿಟ್ಟೆ. ಪಂಕ್ತಿಯಲ್ಲಿ ಬೇಡವೆಂದರೂ ಬಡಿಸುವವರ ಹಾಗೆ ಅದು: ಕೇಳದವರಿಗೂ ಕಳಿಸುತ್ತದೆ, ಬೇಡವೆಂದರೆ ನಿಲ್ಲಿಸಿ, ಸುಮಾರು 3 ನಿಮಿಷಕ್ಕೆ ಮತ್ತೆ ಬರುತ್ತದೆ. ಸಣ್ಣ ಲಿಂಕಿನ ಶಾಖೆಗಳಲ್ಲಿ ಬಿಲ್ಲಿಂಗೇ ನಿಂತುಹೋಯಿತು. ಬೈಗುಳ ನನ್ನ ಪಾಲಿಗೆ.

ಮರುದಿನ ಸ್ಪಾರ್ಸ್ ಮೋಡ್‌ಗೆ ಬದಲಾಯಿಸಿದೆ. ಅದರಲ್ಲಿ ಕೇಳಿದವರಿಗಷ್ಟೇ ಬಡಿಸುವುದು. ಕೇಳಿಕೆಗಳು ಮೊದಲು ಬಂದು ಸೇರುವ ರಾಂಡೆವೂ ಪಾಯಿಂಟನ್ನು ಪ್ರಸಾರದ ಮೂಲದ ಹತ್ತಿರವೇ ಇಟ್ಟೆ, ದಾರಿ ಸುತ್ತಾಗದಿರಲೆಂದು.

ಆದರೂ ಮುಂಬೈ ಲಿಂಕ್ ತುಂಬಿಯೇ ಇತ್ತು. ಶಾಖೆಗೊಂದು ಜಿಆರ್‌ಇ ಟನಲ್ ಇದ್ದುದರಿಂದ ಕವಲು ನಮ್ಮ ರೂಟರ್‌ನಲ್ಲೇ. ಮತ್ತೆ 40 ಪ್ರತಿ! ಸೇವಾದಾರರ ಮಲ್ಟಿಕಾಸ್ಟ್ ವಿಪಿಎನ್ ತೆಗೆದುಕೊಂಡ ಮೇಲಷ್ಟೇ ಹೊರಗೆ 2 ಎಂಬಿಪಿಎಸ್‌ಗೆ ಇಳಿಯಿತು.

ಕಮಾಂಡ್ ಟೈಪ್ ಮಾಡುವ ಮುನ್ನ ನಿಮ್ಮ ಕವಲು ಎಲ್ಲಿದೆ, ನೋಡಿಕೊಳ್ಳಿ.