ಪಂಪ್ ಕಿತ್ತುಹಾಕುವ ಮುಂಚೆ

ಆಲ್ಕೊಳ ಸರ್ಕಲ್ಲಲ್ಲಿ ಆರ್‌ಎಕ್ಸ್ 100 ಹೋದರೆ ನಾವೆಲ್ಲ ತಿರುಗಿ ನೋಡ್ತೀವಿ. ಮೈಸೂರಿನ ಜಾವಾಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕ್ತಿದ್ದರು; ಇದರಲ್ಲಿ ಆ ಕೆಲಸ ಪಂಪಿನದು. ಎಂಜಿನ್ ವೇಗ, ಥ್ರಾಟಲ್ ಎರಡನ್ನೂ ನೋಡಿ ಆಯಿಲ್ ಅಳೆದು ಕೊಡುತ್ತೆ.

‘ರಗಳೆ ಬೇಡ, ಪಂಪ್ ಕಿತ್ತುಹಾಕಿ’ ಅನ್ನೋರಿದ್ದಾರೆ. ನಾವು ಒಪ್ಪಲ್ಲ. ಆಗುಂಬೆ ಘಾಟಿ ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತೆ, ಗೇರಿನಲ್ಲಿ ಎಂಜಿನ್ ಮಾತ್ರ ಜೋರಾಗಿ ತಿರುಗ್ತಿರುತ್ತೆ. ಬೆರಕೆ ಪೆಟ್ರೋಲಾದರೆ ಆಗ ಆಯಿಲೂ ಕಮ್ಮಿ. ಪಂಪಿದ್ದರೆ ವೇಗಕ್ಕೆ ತಕ್ಕಷ್ಟು ಬರ್ತಿರುತ್ತೆ.

ಆದರೆ ಆಯಿಲ್ ಟ್ಯಾಂಕ್ ಒಮ್ಮೆ ಖಾಲಿಯಾಗಿ ಪೈಪಿಗೆ ಗಾಳಿ ಹೊಕ್ಕರೆ ಸುಳಿವೇ ಸಿಗಲ್ಲ, ಎಂಜಿನ್ ಸೀಜ್ ಆದಾಗಲೇ ಗೊತ್ತಾಗೋದು. ಆಯಿಲ್ ತುಂಬಿ, ಪಂಪಿನ ಬ್ಲೀಡ್ ಸ್ಕ್ರೂ ಬಿಚ್ಚಿ, ಗುಳ್ಳೆ ನಿಲ್ಲೋವರೆಗೂ ಹರಿಯಬಿಡಿ. ಪಂಪಿನಿಂದಾಚೆಯ ಪೈಪಿನಲ್ಲೂ ಗಾಳಿ ಉಳಿದಿರುತ್ತೆ. ಹಾಗಾಗಿ ಮೊದಲ ಲೀಟರ್ ಪೆಟ್ರೋಲಿಗೆ 20 ಎಂ.ಎಲ್. 2ಟಿ ಆಯಿಲ್ ಬೆರೆಸಿಯೇ ಓಡಿಸಿ.