ಕಾಗದ ಮುಚ್ಚಿದ ಗೋಡೆ

ಭೋಗಿ ಹಬ್ಬಕ್ಕೆ ಇನ್ನೆರಡು ವಾರ ಇದ್ದಾಗ ಓಡೈಪಟ್ಟಿಯಿಂದ ಅಕ್ಕ ಫೋನು ಮಾಡಿದಳು. ಆರು ವರ್ಷದ ಹಿಂದೆ ನಡುಮನೆಯ ಗೋಡೆಗೆ ಅಂಟಿಸಿದ ವಾಲ್‌ಪೇಪರ್ ಸೇರುವೆಗಳಲ್ಲೆಲ್ಲ ಸುರುಳಿ ಎದ್ದಿದೆ, ಬುಡದಲ್ಲಿ ಕಂದು ಕಲೆ ಮೂಡಿದೆ. ಹಬ್ಬಕ್ಕೆ ಮನೆ ಬೆಳ್ಳಗಾಗಬೇಕು. ಬಣ್ಣದವನು, ‘ಕೀಳೋದೇನೂ ಬೇಡಕ್ಕ, ಅದರ ಮೇಲೇ ಎರಡು ಕೋಟ್ ಎಳೆದುಬಿಡ್ತೀನಿ’ ಎಂದಿದ್ದಾನೆ. ಭಾವನಿಗೂ ಅದೇ ಸರಿ ಅನ್ನಿಸಿದೆ. ‘ನೀನೇನಂತೀಯ?’ ಎಂದು ಕೇಳಿದಳು. ಬೇಡ ಎಂದೆ. ಯಾಕೆ ಬೇಡ ಎನ್ನುವುದು ಫೋನಿನಲ್ಲಿ ಹೇಳಿ ಮುಗಿಯಲಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಓಡೈಪಟ್ಟಿ ತೇನಿ ಜಿಲ್ಲೆಯಲ್ಲಿದೆ, ಮೇಘಮಲೈ ಬೆಟ್ಟಗಳ ಮಗ್ಗುಲಿಗೆ. ದ್ರಾಕ್ಷಿಯ ಊರು. ಈ ಕಂಬಂ ಕಣಿವೆಯಲ್ಲಿ ಒಕ್ಕಲಿಗರ, ಅನುಪ್ಪರ ಎಷ್ಟೋ ಮನೆಗಳಲ್ಲಿ ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ, ಹೊರಗೆ ತಮಿಳು; ಓದು ಬರಹವೆಲ್ಲ ತಮಿಳಿನಲ್ಲೇ. ಹಳೆಯ ಮನೆಗಳ ಗೋಡೆ ಕಲ್ಲು, ಮಣ್ಣು, ಸುಣ್ಣದ ಗಾರೆಯದು. ಈಚಿನವು ಇಟ್ಟಿಗೆ, ಸಿಮೆಂಟಿನವು. ವಾಲ್‌ಪೇಪರ್ ಬಂದದ್ದು ತೀರ ಈಚೆಗೆ. ಮೊದಲು ಪೂಜೆ ಮನೆಯ ಹಿಂಬದಿಗೆ, ಆಮೇಲೆ ಟಿ.ವಿ. ಹಿಂದಕ್ಕೆ, ಈಗ ಇಟ್ಟಿಗೆಯ ಉಬ್ಬು ಇರುವ ಫೋಮ್ ಸ್ಟಿಕ್ಕರ್ ರೂಪದಲ್ಲಿ ಎಲ್ಲ ಕಡೆಗೂ. ವಸ್ತು ಹೊಸದು, ಅದರ ಬಗೆಗಿನ ತಿಳಿವಳಿಕೆಯೂ ಅರೆಬರೆ.

‘ಕಾಗದ ಗಟ್ಟಿಯಾಗಿ ಅಂಟಿದೆಯಲ್ಲ, ಅದರ ಮೇಲೂ ಗೋಡೆಯ ಮೇಲಿನ ಹಾಗೇ ಬಣ್ಣ ಕೂರುತ್ತೆ’ ಎನ್ನುವುದು ಮೊದಲ ತಪ್ಪು. ವಾಲ್‌ಪೇಪರ್ ಅಂಟಿಸುವ ಗೋಂದು ಪಿಷ್ಟದ್ದೋ ಸೆಲ್ಯುಲೋಸಿನದೋ ಆಗಿರುತ್ತದೆ, ಎರಡೂ ನೀರಿಗೆ ಕರಗುವಂಥವು. ನಾವು ಇಂದು ಒಳಗೋಡೆಗೆ ಹೊಡೆಸುವ ಎಮಲ್ಷನ್ ಬಣ್ಣದಲ್ಲಿ ನೀರೇ ಮುಖ್ಯ. ಬಣ್ಣದ ನೀರು ಕಾಗದಕ್ಕಿಳಿದು, ಕಾಗದ ಉಬ್ಬಿ, ಹಿಂದಿನ ಗೋಂದು ಮತ್ತೆ ಮೆತ್ತಗಾಗುತ್ತದೆ. ಹೊಡೆದ ಅರ್ಧ ಗಂಟೆಗೆ ಗುಳ್ಳೆ ಏಳುತ್ತವೆ. ಕೆಲವು ಒಣಗಿ ಕೂರುತ್ತವೆ, ಉಳಿದವು ಹಾಗೇ ನಿಲ್ಲುತ್ತವೆ. ಸೇರುವೆಗಳು ಇನ್ನಷ್ಟು ಬಾಯಿ ಬಿಡುತ್ತವೆ. ಮೇಲಿನ ಹೂಬಳ್ಳಿಯ ಶಾಯಿ, ಅದರಲ್ಲೂ ಕೆಂಪು, ಬಿಳಿ ಬಣ್ಣದೊಳಗಿಂದ ಗುಲಾಬಿ ನೆರಳಾಗಿ ಮೇಲೆದ್ದು ಬರುತ್ತದೆ. ಮೂರನೆಯ ಕೋಟ್ ಹೊಡೆದರೂ ಬರುತ್ತದೆ.

ಪ್ಲಾಸ್ಟಿಕ್ ಮೈಯ ವಿನೈಲ್ ಕಾಗದವಾದರೆ ತೊಂದರೆ ಬೇರೆ ಬಗೆಯದು. ವಿನೈಲ್ ಮೆತ್ತಗಿರಲೆಂದು ಸೇರಿಸಿದ ಎಣ್ಣೆಯಂಥ ರಾಸಾಯನಿಕ ನಿಧಾನಕ್ಕೆ ಬಣ್ಣದೊಳಕ್ಕೆ ಹತ್ತುತ್ತದೆ. ಬಣ್ಣ ಒಣಗಿದಂತೆ ಕಂಡರೂ ತಿಂಗಳುಗಟ್ಟಲೆ ಜಿಗುಟಾಗಿರುತ್ತದೆ, ಧೂಳು ಹಿಡಿಯುತ್ತದೆ. ಇನ್ನು ಆ ಫೋಮ್ ಇಟ್ಟಿಗೆಯ ಮೇಲೆ ಬಣ್ಣ ಉಗುರಿನಲ್ಲಿ ಕೆರೆದರೆ ಸಿಪ್ಪೆಯ ಹಾಗೆ ಸುಲಿದು ಬರುತ್ತದೆ. ಅದನ್ನು ಕಿತ್ತೇ ತೀರಬೇಕು.

ಹಾಗಾದರೆ ‘ಮೇಲೇ ಹೊಡೆಯಬಹುದು’ ಎಂಬ ಮಾತು ಹುಟ್ಟಿದ್ದೆಲ್ಲಿ? ಅದು ಸುಳ್ಳಲ್ಲ, ಬೇರೆ ದೇಶದ ನಿಜ. ಜರ್ಮನಿಯ ಹ್ಯೂಗೊ ಎರ್ಫುರ್ಟ್ ಎಂಬಾತ 1864ರಲ್ಲಿ ಕಾಗದದ ಪದರಗಳ ನಡುವೆ ಮರದ ಹೊಟ್ಟು ಸೇರಿಸಿ ತರಿತರಿಯಾದ ಕಾಗದವೊಂದನ್ನು ಮಾಡಿದ. ‘ರೌಫಾಸರ್’ ಎನ್ನುವ ಅದರ ಕೆಲಸವೇ ಬಣ್ಣ ಹೊಡೆಸಿಕೊಳ್ಳುವುದು. ಅಲ್ಲಿನ ಬಾಡಿಗೆ ಮನೆಗಳಲ್ಲಿ ಒಂದೇ ಕಾಗದಕ್ಕೆ ಮತ್ತೆ ಮತ್ತೆ ಬಿಳಿ ಬಳಿಯುತ್ತಾರೆ. ಜರ್ಮನಿಯಲ್ಲಿ ಸಂಸಾರ ಹೂಡಿರುವ ನಮ್ಮ ಕನ್ನಡದ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಇಂಗ್ಲೆಂಡಿನಲ್ಲಿ ಫ್ರೆಡರಿಕ್ ವಾಲ್ಟನ್ 1877ರಲ್ಲಿ ತಂದ ಲಿಂಕ್ರಸ್ಟಾ ಎಂಬ ಉಬ್ಬುಚಿತ್ತಾರದ ಹೊದಿಕೆಯೂ ಬಣ್ಣಕ್ಕೆಂದೇ ಆದದ್ದು. ಚಳಿ ದೇಶದ ಒಣ ಗೋಡೆ, ಬಣ್ಣಕ್ಕೆಂದೇ ಮಾಡಿದ ಕಾಗದ ಎರಡೂ ಇದ್ದ ಕಡೆ ಹುಟ್ಟಿದ ಸಲಹೆ ಅದು. ಹೂವಿನ ಅಚ್ಚಿನ ವಿನೈಲ್ ಅಂಟಿಸಿದ ತೇನಿಯ ಗೋಡೆಗೆ ಅದನ್ನು ಹಾಗೇ ತಂದು ಹಚ್ಚಿದರೆ ಕಾಗದವೂ ಕೆಡುತ್ತದೆ, ಬಣ್ಣದ ದುಡ್ಡೂ ಹೋಗುತ್ತದೆ.

ಈಗ ನನ್ನನ್ನು ನಿಜಕ್ಕೂ ಕಾಡುವ ನಂಬಿಕೆಗೆ ಬರುತ್ತೇನೆ: ‘ಗೋಡೆಗೆ ತೇವ ಬಂದರೆ ವಾಟರ್‌ಪ್ರೂಫ್ ಕಾಗದ ಅಂಟಿಸಿ, ಅಲ್ಲಿಗೆ ನಿಲ್ಲುತ್ತೆ.’ ಅಂಗಡಿಯಲ್ಲಿ ಹೀಗೆಂದೇ ಮಾರುತ್ತಾರೆ. ಅಕ್ಕನ ಮನೆಯಲ್ಲೂ ಕಾಗದ ಬಂದದ್ದು ಚಂದಕ್ಕಲ್ಲ. ನೆಂಟರ ಕಣ್ಣಿಗೆ ಬೀಳುವ ಕಲೆ ಮುಚ್ಚುವುದಕ್ಕೆ. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ತೇವ ಬರುವುದು ಕೋಣೆಯ ಕಡೆಯಿಂದ ಅಲ್ಲ, ಗೋಡೆಯ ಒಳಗಿಂದ. ಹಳೆಯ ಮನೆಗಳ ಅಡಿಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಗೋಡೆ ನೆಲದ ನೀರನ್ನು ಎಳೆಯುತ್ತದೆ, ಸಾಮಾನ್ಯವಾಗಿ ಮೂರು ಅಡಿಯವರೆಗೆ. ಸುಣ್ಣ ಬಳಿದ ಗೋಡೆಯಾದರೆ ಆ ನೀರು ಸುಣ್ಣದ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಮುಂದೆ ವಿನೈಲ್ ಹಾಳೆ ಅಂಟಿಸಿದರೆ ದಾರಿ ಕಟ್ಟುತ್ತದೆ, ನೀರು ಇನ್ನೂ ಮೇಲಕ್ಕೆ ಹತ್ತುತ್ತದೆ. ಎರಡಡಿಯ ಕಲೆ ನಾಲ್ಕಡಿಯಾಗುವುದು ಹೀಗೆ. ಅದರ ಮೇಲೆ ಬಣ್ಣದ ಇನ್ನೊಂದು ಪದರ ಬಂದರೆ ಉಳಿದ ಕಿಂಡಿಯೂ ಮುಚ್ಚಿತು.

ನೀರಿನ ಜೊತೆ ಮಣ್ಣಿನ ಲವಣಗಳೂ ಬರುತ್ತವೆ. ನೀರು ಆರಿದಾಗ ಅವು ಹರಳಾಗುತ್ತವೆ, ಹರಳಾಗುವಾಗ ಪಕ್ಕದ್ದನ್ನೆಲ್ಲ ದೂಡುತ್ತವೆ. ಗಾರೆ ಹಿಟ್ಟಾಗಿ ಉದುರುವುದು, ಬಣ್ಣ ಹಪ್ಪಳದ ಹಾಗೆ ಏಳುವುದು ಅದರಿಂದ. ಕಾಗದದ ಹಿಂದಿನ ಕತ್ತಲು, ತೇವ, ಪಿಷ್ಟದ ಗೋಂದು ಮೂರೂ ಸೇರಿದರೆ ಬೂಷ್ಟಿಗೆ ಬೇರೇನೂ ಬೇಕಿಲ್ಲ. ಒದ್ದೆ, ಬೂಷ್ಟು ಇರುವ ಮನೆಯಲ್ಲಿ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿದೆ. ಗೋಡೆಗೆ ಒತ್ತಿ ಹಾಸಿದ ಮಂಚದಲ್ಲಿ ಮಗು ಮಲಗುತ್ತಿದ್ದರೆ, ಆ ಕಾಗದದ ಹಿಂದೆ ಏನಿದೆ ಎಂದು ದಯವಿಟ್ಟು ಒಂದು ಮೂಲೆ ಎತ್ತಿ ನೋಡಿ.

ಸುಣ್ಣವೆಂದರೆ ಬಡವರ ಬಣ್ಣ, ಎಮಲ್ಷನ್ ಎಂದರೆ ಗಟ್ಟಿ ಎಂಬ ಮಾತೂ ಇದರ ಜೊತೆಗೇ ಬರುತ್ತದೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಅದು ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಅಂದರೆ ಗೋಡೆಯ ಮೇಲೆ ಕೂತಿರುವುದು ತೆಳ್ಳನೆಯ ಕಲ್ಲು, ಅದೂ ಉಸಿರಾಡುವ ಕಲ್ಲು. ಮದುರೆಯ ತಿರುಮಲೆ ನಾಯಕರ ಅರಮನೆ 1636ರದು. ಅಲ್ಲಿನ ಕಂಬಗಳ ನುಣುಪಿಗೆ ಸುಣ್ಣದ ಗಾರೆಯೇ ಮೂಲ. ಎಮಲ್ಷನ್ ಹಾಗಲ್ಲ, ಅದು ಪ್ಲಾಸ್ಟಿಕ್ಕಿನ ಪೊರೆ. ಒಣಗಿದ ಸಿಮೆಂಟ್ ಗೋಡೆಗೆ ಅದು ಒಳ್ಳೆಯದೇ. ಅಂಗೈಯಿಂದ ಸವರಿದರೆ ಬಿಳಿ ಪುಡಿ ಹತ್ತುವ ಹಳೆಯ ಸುಣ್ಣದ ಮೇಲೆ ಹೊಡೆದರೆ ಅದು ಆ ಪುಡಿಗೆ ಅಂಟುತ್ತದೆಯೇ ಹೊರತು ಗೋಡೆಗಲ್ಲ. ಕಾಗದದ ಮೇಲೆ ಹೊಡೆದ ಬಣ್ಣದ್ದೂ ಇದೇ ಕಥೆ.

ಭೋಗಿಗೆ ಸುಣ್ಣ ಬಳಿಯುವ ರೂಢಿಯನ್ನೇ ನೋಡಿ. ಇಲ್ಲಿ ಹೆಚ್ಚು ಮಳೆ ಸುರಿಯುವುದು ಅಕ್ಟೋಬರ್, ನವೆಂಬರಿನಲ್ಲಿ. ಜನವರಿ ನಡುವಿಗೆ ಭೋಗಿ ಬರುವಾಗ ಗೋಡೆಯಲ್ಲಿ ಇನ್ನೂ ಪಸೆ ಇರುತ್ತದೆ. ಸುಣ್ಣಕ್ಕೆ ಪಸೆ ಬೇಕು. ಒಣ ಗೋಡೆಯಾದರೆ ನೀರು ಚಿಮುಕಿಸಿಯೇ ಬಳಿಯಬೇಕು, ಇಲ್ಲದಿದ್ದರೆ ಬೇಗ ಒಣಗಿ ಪುಡಿಯಾಗುತ್ತದೆ. ಸುಣ್ಣಕ್ಕೆ ಆ ಹೊತ್ತು ಸರಿಯಾಗೇ ಇತ್ತು. ಈಗ ಹಬ್ಬ ಅದೇ ಹೊತ್ತಿಗಿದೆ, ಡಬ್ಬದಲ್ಲಿರುವುದು ಮಾತ್ರ ಬೇರೆ. ಪಸೆಯ ಗೋಡೆಗೆ ಎಮಲ್ಷನ್ ಹೊಡೆಸಿ, ಬೇಸಿಗೆಯಲ್ಲಿ ಗುಳ್ಳೆ ಎದ್ದಾಗ ಕಂಪನಿಯನ್ನೋ ಪೇಂಟರನ್ನೋ ಬಯ್ಯುತ್ತೇವೆ.

ದ್ರಾಕ್ಷಿ ಬೆಳೆಯುವವರಲ್ಲಿ ಇನ್ನೊಂದು ನಂಬಿಕೆ ಇದೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳ, ಬೂಷ್ಟು ಎರಡೂ ಬರುವುದಿಲ್ಲ ಎನ್ನುತ್ತಾರೆ. ಪುಸ್ತಕ ಕಟ್ಟುವವರೂ ಇದನ್ನು ಬೆರೆಸುವುದುಂಟು. ತೋಟದಲ್ಲಿ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೊ ದ್ರಾವಣ ಬೂಜುರೋಗವನ್ನು ತಡೆಯುವುದನ್ನು ಕಣ್ಣಾರೆ ಕಂಡವರ ಮಾತು ಇದು, ಬುಡವಿಲ್ಲದ್ದಲ್ಲ. ಆದರೆ ಬಳ್ಳಿಗೆ ದ್ರಾವಣವನ್ನು ಮತ್ತೆ ಮತ್ತೆ ಸಿಂಪಡಿಸುತ್ತೇವೆ, ಗೋಡೆಗೆ ಒಮ್ಮೆ ಹಚ್ಚಿ ಮರೆಯುತ್ತೇವೆ. ನೀರು ಏರುತ್ತಲೇ ಇರುವ ಗೋಡೆಯಲ್ಲಿ ಆ ಚಿಟಿಕೆ ಹೆಚ್ಚು ಕಾಲ ಕಾಯುವುದಿಲ್ಲ. ಅದು ವಿಷವೂ ಹೌದು. ಅಂಥ ಕಾಗದ ಕೆರೆಯುವಾಗ ಕೈಗವುಸು ಇರಲಿ, ಚೂರುಗಳು ಮಕ್ಕಳ, ದನಕರುಗಳ ಬಾಯಿಗೆ ಸಿಗದಿರಲಿ.

‘ಎನಾಮಲ್ ಹೊಡೆದರೆ ಏನನ್ನಾದರೂ ಮುಚ್ಚುತ್ತೆ’, ‘ಪುಟ್ಟಿ ಮೆತ್ತಿದರೆ ಸೇರುವೆ ಕಾಣಲ್ಲ’ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಎನಾಮಲ್ ತೇವವನ್ನು ಇನ್ನೂ ಬಿಗಿಯಾಗಿ ಕಟ್ಟುತ್ತದೆ. ಪುಟ್ಟಿಯ ಭಾರಕ್ಕೆ ಕಾಗದವೇ ಹಾಳೆ ಹಾಳೆಯಾಗಿ ಕಳಚಿ ಬರುತ್ತದೆ.

‘ಕಾಗದ ಕಿತ್ತರೆ ಗೋಡೆಯೇ ಕಿತ್ತು ಬರುತ್ತೆ’ ಎಂಬ ಭಯ ಮಾತ್ರ ಅರ್ಧ ಸರಿ. ಒಣದಾಗಿ ಎಳೆದರೆ ಹಳೆಯ ಸುಣ್ಣದ ಚಕ್ಕೆ, ಸಡಿಲ ಗಾರೆ ಕಾಗದದ ಜೊತೆಗೇ ಬರುತ್ತವೆ. ಹಾಗೆ ಬಂದದ್ದು ಇವತ್ತಲ್ಲ ನಾಳೆ ಉದುರುವುದೇ. ಗಟ್ಟಿ ಇದ್ದದ್ದನ್ನು ಉಳಿಸಿಕೊಳ್ಳುವ ದಾರಿಯೂ ಇದೆ. ವಿನೈಲ್ ಆದರೆ ಮೇಲಿನ ಪ್ಲಾಸ್ಟಿಕ್ ಪದರವನ್ನು ಮೂಲೆಯಿಂದ ನಿಧಾನಕ್ಕೆ ಸುಲಿಯಬೇಕು, ಹಿಂದಿನ ಬಿಳಿ ಕಾಗದ ಗೋಡೆಯಲ್ಲೇ ಉಳಿಯುತ್ತದೆ. ಅದಕ್ಕೆ ಸ್ಪಂಜಿನಿಂದ ಬಿಸಿನೀರು ಒತ್ತಿ ಕಾಲು ಗಂಟೆ ಬಿಡಿ. ಗೋಂದು ಕರಗಿದ ಮೇಲೆ ಅಗಲ ಪಟ್ಟಿಯನ್ನು ಗೋಡೆಗೆ ಮಲಗಿಸಿದಂತೆ ಹಿಡಿದು ತಳ್ಳಿದರೆ ಕಾಗದ ಬರುತ್ತದೆ. ಸುಣ್ಣದ ಗೋಡೆಗೆ ನೀರು ಕಡಿಮೆ ಇರಲಿ, ಒಂದು ಸಲಕ್ಕೆ ಮೂರಡಿಯಷ್ಟು ಜಾಗ ಸಾಕು. ಕೊನೆಗೆ ಶುದ್ಧ ನೀರಿನಲ್ಲಿ ಗೋಂದು ತೊಳೆಯುವುದನ್ನು ಬಿಡಬೇಡಿ; ಉಳಿದ ಗೋಂದಿನ ಮೇಲೆ ಬಣ್ಣ ಒಣಕೆರೆಯ ತಳದ ಹಾಗೆ ಬಿರಿಯುತ್ತದೆ. ಕೆಲಸ ಶುರುಮಾಡುವ ಮುಂಚೆ ಕರೆಂಟಿನ ಸ್ವಿಚ್ಚು ಆರಿಸಿರಬೇಕು.

ಕೆಳಗೆ ಹಳೆಯ ಎನಾಮಲ್ ಕಂಡರೆ ಉಪ್ಪುಕಾಗದದಿಂದ ಒಣದಾಗಿ ಉಜ್ಜಬೇಡಿ. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಕೇಂದ್ರ ಸರ್ಕಾರದಿಂದ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೆ ಮುಂಚಿನ ಬಣ್ಣದಲ್ಲಿ ಸೀಸ ಎಷ್ಟಿದೆಯೋ ಹೇಳಲಾಗದು. ಒದ್ದೆ ಮಾಡಿ ಉಜ್ಜಬೇಕು, ಮಕ್ಕಳು, ಬಸುರಿಯರು ಆ ಕೋಣೆಯ ಕಡೆ ಬರಬಾರದು.

ಮೇಲೇ ಬಣ್ಣ ಹೊಡೆಯುವುದು ಸರಿಯಾಗುವ ಸಂದರ್ಭವೇ ಇಲ್ಲವೇ? ಇದೆ. ಗೋಡೆ ಪೂರ್ತಿ ಒಣಗಿರಬೇಕು. ಕಾಗದ ವಿನೈಲ್ ಆಗಿರಬಾರದು. ಒಂದು ಹನಿ ನೀರು ಬಿಟ್ಟರೆ ಹೀರಿಕೊಂಡರೆ ಕಾಗದ, ಮಣಿಯಾಗಿ ನಿಂತರೆ ವಿನೈಲ್. ಬೆರಳಿನಿಂದ ತಟ್ಟುತ್ತ ಹೋದರೆ ಎಲ್ಲೂ ಟೊಳ್ಳು ಸದ್ದು ಬರಬಾರದು. ಇಷ್ಟಿದ್ದರೆ ಸೇರುವೆಗಳನ್ನು ಮತ್ತೆ ಅಂಟಿಸಿ, ನೀರಿಲ್ಲದ ಎಣ್ಣೆ ಆಧಾರದ ಪ್ರೈಮರ್ ಒಂದು ಕೋಟ್ ಹೊಡೆದು, ಬಾಗಿಲ ಹಿಂದಿನ ಒಂದಡಿ ಜಾಗದಲ್ಲಿ ಮೊದಲು ಬಣ್ಣ ಹಚ್ಚಿ ಎರಡು ದಿನ ನೋಡಿ, ಆಮೇಲೆ ಮುಂದುವರಿಯಬಹುದು. ಮುಂದೆ ಯಾವತ್ತಾದರೂ ಕೀಳಬೇಕಾಗಿ ಬಂದರೆ ಬಣ್ಣ ಕುಡಿದ ಆ ಕಾಗದಕ್ಕೆ ನೀರು ಇಳಿಯುವುದಿಲ್ಲ, ಕೆಲಸ ಎರಡು ಪಟ್ಟಾಗುತ್ತದೆ ಎನ್ನುವುದು ನೆನಪಿರಲಿ.

ಅಕ್ಕ ಕೀಳಿಸಿದಳು. ಕಾಗದದ ಹಿಂದೆ ಕಪ್ಪು ಬೂಷ್ಟು, ಅದರ ಮೇಲ್ಗಡೆ ನೀಲಿ ಬೆರೆಸಿದ ಹಳೆಯ ಸುಣ್ಣ, ಸುಣ್ಣದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ದ್ರಾಕ್ಷಿಯ ಲೆಕ್ಕ. ಅಕ್ಷರ ತಮಿಳು, ಪದಗಳು ಕನ್ನಡ. ಭಾವನ ಅಪ್ಪನ ಕೈಬರಹ. ಫೋಟೊ ತೆಗೆದು ಕಳಿಸಿದಳು.

ತೇವದ ಮೂಲ ಹೊರಗೇ ಸಿಕ್ಕಿತು. ಅಂಗಳಕ್ಕೆ ಸಿಮೆಂಟ್ ಹಾಕಿಸುವಾಗ ಇಳಿಜಾರು ಗೋಡೆಯ ಕಡೆಗೇ ಬಿಟ್ಟಿದ್ದರು. ಭಾವ ಗೋಡೆಯುದ್ದಕ್ಕೂ ಒಂದಡಿ ಸಿಮೆಂಟ್ ಒಡೆಸಿ ಜಲ್ಲಿ ತುಂಬಿಸಿದರು. ಬೂಷ್ಟನ್ನು ಒದ್ದೆ ಮಾಡಿ ಉಜ್ಜಿ ತೆಗೆದು, ಗೋಡೆ ತೊಳೆದು, ಹಾಲಿನಷ್ಟು ತೆಳ್ಳಗೆ ಕಲಸಿದ ಸುಣ್ಣವನ್ನು ದಿನಕ್ಕೊಂದರಂತೆ ಮೂರು ಕೈ ಬಳಿದದ್ದಾಯಿತು. ಭೋಗಿಯ ಹಿಂದಿನ ದಿನ ಮುಗಿಯಿತು. ಬುಡದ ಎರಡಡಿ ಮುಂದಿನ ವರ್ಷ ಸ್ವಲ್ಪ ಉದುರಬಹುದು, ಆಗ ಒರೆಸಿ ಇನ್ನೊಂದು ಕೈ ಹಾಕಿದರಾಯಿತು.

ಸಿಮೆಂಟ್ ಗಾರೆಯ ಮಲಗುವ ಕೋಣೆಗೆ ಎಮಲ್ಷನ್ನೇ ಬೇಕು ಎಂದು ಅಕ್ಕನ ಮಗಳ ಹಟ. ಬೇಡ ಅನ್ನಲಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಲು ಹೇಳಿದೆ. ಪೊಂಗಲ್ ಮುಗಿದ ವಾರ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿತ್ತು. ಮಾರ್ಚ್ ಕೊನೆಗೆ ಮತ್ತೆ ಅಂಟಿಸಿ ನೋಡಬೇಕು. ಆಗ ಹನಿ ಇಲ್ಲದಿದ್ದರೆ ವೀರಪಾಂಡಿ ಗೌಮಾರಿಯಮ್ಮನ ಚಿತ್ತಿರೈ ಜಾತ್ರೆಗೆ ಮುಂಚೆ ಬಣ್ಣ.