ಕಾಗದದ ಬುಟ್ಟಿಯಲ್ಲಿ ಕಾರ್ತಿಕದ ಬೆಳಕು

ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದರೆಂದರೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸೀಮೆಯಲ್ಲಿ ಚಳಿಗಾಲದ ಬಾಗಿಲು ತೆರೆದಂತೆ. ಹೊತ್ತು ಬೇಗ ಮುಳುಗುತ್ತದೆ. ಹದಿನೈದು ದಿನಕ್ಕೆ ದೀಪಾವಳಿ. ಮನೆಯ ಮುಂದೆ ಆಕಾಶಬುಟ್ಟಿ ತೂಗುವ ಕಾಲ ಅದು.

ಕಾರ್ತಿಕ ಮಾಸದಲ್ಲಿ ಎತ್ತರಕ್ಕೆ ದೀಪ ಏರಿಸುವುದು ಹಳೆಯ ಸಂಪ್ರದಾಯ. ಅಗಲಿದ ಹಿರಿಯರಿಗೆ ಆ ಬೆಳಕು ದಾರಿ ತೋರುತ್ತದೆ ಎಂಬುದು ನಂಬಿಕೆ. ಕರಾವಳಿಯವರಿಗೆ ಇದು ಗೂಡುದೀಪ, ಮಹಾರಾಷ್ಟ್ರದವರಿಗೆ ಆಕಾಶಕಂದೀಲು. ಹೆಸರು ಯಾವುದಾದರೂ ಅಗತ್ಯ ಒಂದೇ: ದೀಪಕ್ಕೆ ಗಾಳಿ ತಾಗಬಾರದು, ಬೆಳಕು ಮಾತ್ರ ಹೊರಗೆ ಬರಬೇಕು. ತೆಳುವಾದ ಬಣ್ಣದ ಕಾಗದ ಈ ಎರಡೂ ಕೆಲಸ ಮಾಡುತ್ತದೆ. ಮಕ್ಕಳ ಕೈಗೆ ಬಗ್ಗುವ ವಸ್ತುವೂ ಅದೇ.

ನಾಲ್ಕೈದು ವರ್ಷದ ಮಗುವಿಗೆ ಬಿದಿರು ಬೇಡ, ಒಂದು ಚಿತ್ರದ ಹಾಳೆ ಸಾಕು. ಹಾಳೆಯನ್ನು ಉದ್ದಕ್ಕೆ ಎರಡಾಗಿ ಮಡಿಸಬೇಕು. ಮಡಿಕೆಯ ಅಂಚಿನಿಂದ ಎದುರಿನ ಅಂಚಿನತ್ತ, ಬೆರಳಗಲಕ್ಕೆ ಒಂದರಂತೆ ಕತ್ತರಿಸುತ್ತ ಹೋಗಬೇಕು. ಕೊನೆಯ ಎರಡು ಬೆರಳಷ್ಟು ಜಾಗ ಹಾಗೇ ಉಳಿಯಬೇಕು. ಹಾಳೆ ಬಿಡಿಸಿ, ಸೀಳುಗಳು ನೆಟ್ಟಗೆ ನಿಲ್ಲುವಂತೆ ಕೊಳವೆಯಾಗಿ ಸುತ್ತಿ ಅಂಟಿಸಿ, ಮೇಲಿನಿಂದ ಮೆಲ್ಲಗೆ ಒತ್ತಿದರೆ ನಡು ಉಬ್ಬಿ ಬುಟ್ಟಿಯಾಗುತ್ತದೆ. ಮೇಲೊಂದು ಹಿಡಿಕೆ, ಕೆಳಗೆ ನಾಲ್ಕು ಬಾಲ. ಅಂಟಿಗೆ ಮೈದಾಹಿಟ್ಟನ್ನು ನೀರಿನಲ್ಲಿ ಕಲಸಿ ಕುದಿಸಿದರಾಯಿತು; ಮಗು ಬೆರಳು ಬಾಯಿಗಿಟ್ಟುಕೊಂಡರೂ ಭಯವಿಲ್ಲ. ಕತ್ತರಿಯ ತುದಿ ಮೊಂಡಾಗಿರಲಿ.

ಎಂಟು–ಹತ್ತು ವರ್ಷದವರು ಕಡ್ಡಿಯ ಬುಟ್ಟಿಗೆ ಕೈಹಾಕಬಹುದು. ಒಂದೇ ಅಳತೆಯ 24 ಬಿದಿರುಕಡ್ಡಿಗಳಿಂದ ಆರು ಚೌಕ ಕಟ್ಟಬೇಕು. ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಪಕ್ಕದ ಮೂಲೆಗಳನ್ನು ದಾರದಿಂದ ಜೋಡಿಸಬೇಕು. ಉಳಿದ ಎರಡರಲ್ಲಿ ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಆಗ ಯಾರೂ ಮಾಡದೆಯೇ ಎಂಟು ತ್ರಿಕೋನಗಳು ನಡುನಡುವೆ ಹುಟ್ಟಿಕೊಳ್ಳುತ್ತವೆ. ಬಿದಿರು ಸಿಗದಿದ್ದರೆ ಜೋಳದ ದಂಟಿದೆ. ಅದರ ಸಿಬಿರು ಕಡ್ಡಿ, ಒಳಗಿನ ಬೆಂಡು ಗಂಟು. ದಂಟಿನ ಬಂಡಿ ಮಾಡಿ ಆಡುವ ಮಕ್ಕಳಿಗೆ ಇದು ಹೊಸ ವಿದ್ಯೆಯಲ್ಲ. ಸಿಬಿರು ಬೆರಳು ಕೊಯ್ಯುವುದರಿಂದ ಸೀಳುವ ಕೆಲಸ ಮಾತ್ರ ದೊಡ್ಡವರದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬರಿಯ ಕಡ್ಡಿಯ ಚೌಕಟ್ಟು ಅತ್ತಿತ್ತ ವಾಲುತ್ತದೆ. ಕಾಗದ ಅಂಟಿಸಿ, ಅದು ಒಣಗಿ ಬಿಗಿದ ಮೇಲಷ್ಟೇ ಬುಟ್ಟಿ ನೆಟ್ಟಗೆ ನಿಲ್ಲುತ್ತದೆ. ಕಾಗದ ಬರೀ ಅಲಂಕಾರವಲ್ಲ, ಬುಟ್ಟಿಗೆ ಬಲವೂ ಹೌದು. ಇದನ್ನು ಬಾಯಲ್ಲಿ ಹೇಳಿದರೆ ಪಾಠ. ವಾಲುವ ಚೌಕಟ್ಟನ್ನು ಮಗು ತಾನೇ ಹಿಡಿದು ನೋಡಿದರೆ ಅನುಭವ.

ಈ ಅನುಭವದ ಬೆಲೆಯನ್ನು ಶಿಕ್ಷಣತಜ್ಞರು ಎಂದೋ ಕಂಡುಕೊಂಡಿದ್ದರು. ಜರ್ಮನಿಯಲ್ಲಿ 1837ರಲ್ಲಿ ಶಿಶುವಿಹಾರದ ಪದ್ಧತಿಗೆ ನಾಂದಿ ಹಾಡಿದ ಫ್ರೋಬೆಲ್ ಕಾಗದ ಮಡಿಸುವುದನ್ನು ಕಲಿಕೆಯ ಭಾಗವಾಗಿಸಿದ. ಅದರಿಂದ ಪ್ರೇರಣೆ ಪಡೆದ ಟಿ. ಸುಂದರರಾವ್ ಎಂಬವರು ಕಾಗದದ ಮಡಿಕೆಗಳಿಂದಲೇ ರೇಖಾಗಣಿತ ಕಲಿಸುವ ಇಂಗ್ಲಿಷ್ ಪುಸ್ತಕವನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಉಲ್ಲೇಖಿಸಿದ ಮೇಲೆ, 1901ರಲ್ಲಿ ಷಿಕಾಗೋದಲ್ಲಿಯೂ ಅದು ಅಚ್ಚಾಯಿತು.

ಆಕಾಶಬುಟ್ಟಿ ಇಳಿದ ಮೇಲೆ, ಡಿಸೆಂಬರಿನಲ್ಲಿ, ಕಾಗದದ ಇನ್ನೊಂದು ದೀಪ ಮೇಲೇರುತ್ತದೆ. ಬಾಸೆಲ್ ಮಿಷನ್ 1841ರಲ್ಲೇ ನೆಲೆಯೂರಿದ ಬೆಟಗೇರಿಯಲ್ಲಿ ಕ್ರಿಸ್‌ಮಸ್ ನಕ್ಷತ್ರ ಅಪರೂಪದ್ದಲ್ಲ. ಹಲವು ಮೊನೆಗಳ ಕಾಗದದ ನಕ್ಷತ್ರದ ಮೂಲ ಹುಡುಕಿದರೆ ಸಿಗುವುದೂ ಒಂದು ಶಾಲೆಯೇ. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬ ಊರಿನ ಮೊರೇವಿಯನ್ ಶಾಲೆಯಲ್ಲಿ ಹುಡುಗರು ರೇಖಾಗಣಿತದ ಅಭ್ಯಾಸಕ್ಕಾಗಿ ಅದನ್ನು ಮಾಡಿದ್ದರು. ಹಬ್ಬ ಬೇರೆ, ಊರು ಬೇರೆ. ಕಡ್ಡಿ–ಕಾಗದ ಹಿಡಿದ ಮಗುವಿನ ಕೆಲಸ ಮಾತ್ರ ಒಂದೇ.

ಈಗ ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಸಿದ್ಧ ಬುಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅವು ಅಂದವಾಗಿಯೂ ಇರುತ್ತವೆ, ಹೆಚ್ಚು ದಿನ ಬಾಳುತ್ತವೆ. ಆದರೆ ಅವನ್ನು ತೂಗುಹಾಕಲು ಮಗುವಿನ ಸಹಾಯ ಬೇಕಿಲ್ಲ. ಮನೆಯ ಹಬ್ಬದಲ್ಲಿ ಮಗುವಿಗಿದ್ದ ಒಂದು ಕೆಲಸ ಹೀಗೆ ಸದ್ದಿಲ್ಲದೆ ತಪ್ಪಿಹೋಗುತ್ತದೆ. ಮಗು ಮಾಡಿದ ಬುಟ್ಟಿ ಸ್ವಲ್ಪ ಸೊಟ್ಟಗಿರಬಹುದು. ಅದನ್ನು ದೊಡ್ಡವರು ತಿದ್ದಲು ಹೋಗದಿರುವುದು ಒಳ್ಳೆಯದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕಾಗದದೊಳಗೆ ಹಣತೆ, ಮೇಣದಬತ್ತಿ ಇಡಬಾರದು. ಹೆಚ್ಚು ಕಾಯದ ಸಣ್ಣ ಎಲ್‌ಇಡಿ ದೀಪ ಸಾಕು. ಉಳಿದ ಬಣ್ಣದ ಚೂರುಗಳನ್ನು ಎಸೆಯಬೇಕಾಗಿಲ್ಲ. ಸಂಕ್ರಾಂತಿಗೆ ಕುಸುರೆಳ್ಳು ಹಂಚಲು ಪುಟ್ಟ ಪೊಟ್ಟಣಗಳು ಬೇಕಾಗುತ್ತವೆ. ಅಷ್ಟು ಹೊತ್ತಿಗೆ ಮಡಿಸುವ ಕೈಯೂ ಪಳಗಿರುತ್ತದೆ.